ಪೊಟ್ಟಣದ ಮೇಲಿನ ಮೊಲಕ್ಕೂ ಹೊಣೆ ಇರಲಿ: ಡಿಟರ್ಜೆಂಟ್ ತಯಾರಕರಿಗೆ ಮತ್ತು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ ಬಹಿರಂಗ ಪತ್ರ

ಮಾನ್ಯರೇ,

ಕಲಬುರಗಿಯ ಶಹಾಬಜಾರ್ ಕಡೆ ಕಿರಾಣಿ ಅಂಗಡಿ ನಡೆಸಿಕೊಂಡು ಬಂದಿರುವ ನಾನು, ಬಟ್ಟೆ ಒಗೆಯುವ ಪುಡಿ, ಸಾಬೂನು, ನೀಲಿ ಮತ್ತು ಬಟ್ಟೆ ಮೃದುಗೊಳಿಸುವ ದ್ರಾವಣಗಳ ಪೊಟ್ಟಣಗಳ ಮೇಲೆ ಅಚ್ಚಾಗುವ ಪ್ರಾಣಿಪಕ್ಷಿಗಳ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಮೊಲ, ಹಂಸ, ನವಿಲು, ಗಿಳಿ, ಕರಡಿಮರಿ ಇವೆಲ್ಲ ಜಾಹೀರಾತು ವಿಭಾಗದವರ ಲೆಕ್ಕದಲ್ಲಿ ಗಿರಾಕಿಯ ಕಣ್ಣು ಸೆಳೆಯುವ ಅಲಂಕಾರವಿರಬಹುದು. ನನ್ನ ಗಲ್ಲೆಯ ಮುಂದೆ ಬಂದು ನಿಲ್ಲುವ ಅನೇಕರ ಪಾಲಿಗೆ ಮಾತ್ರ ಆ ಪ್ರಾಣಿಯೇ ಸರಕಿನ ಹೆಸರು, ಅದೇ ಗುರುತು, ಅದೇ ಖಾತರಿ. ಆ ಚಿತ್ರವನ್ನು ಕಂಪನಿಯ ಸ್ವತ್ತೆಂದು ಕಾಪಾಡುವ ಟ್ರೇಡ್‌ಮಾರ್ಕ್ ಕಾನೂನು ನಮ್ಮಲ್ಲಿದೆ. ಆದರೆ ಗ್ರಾಹಕನಿಗೆ ಕೊಟ್ಟ ಮಾಹಿತಿಯೆಂದು ಅದನ್ನು ಪರಿಗಣಿಸುವ ಪೊಟ್ಟಣದ ನಿಯಮವಿಲ್ಲ. ಅಂಥ ನಿಯಮ ಬೇಕೆಂಬುದೇ ನನ್ನ ಮನವಿ.

2011ರ ಜನಗಣತಿಯ ಪ್ರಕಾರ ಬೀದರ್ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 71, ಕಲಬುರಗಿಯದು ಸುಮಾರು ಶೇ. 65, ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದ್ದ ಯಾದಗಿರಿಯದು ಸುಮಾರು ಶೇ. 52. ಬಟ್ಟೆ ಒಗೆಯುವ ಕೆಲಸ ನಮ್ಮ ಮನೆಗಳಲ್ಲಿ ಇನ್ನೂ ಹೆಂಗಸರ ಹೆಗಲ ಮೇಲೇ ಇದೆ, ಹೆಂಗಸರ ಸಾಕ್ಷರತೆ ಈ ಅಂಕಿಗಳಿಗಿಂತಲೂ ಕೆಳಗಿತ್ತು. ಓದಬಲ್ಲವರೂ ಯಾವ ಲಿಪಿಯನ್ನು ಓದುತ್ತಾರೆಂಬುದು ಬೇರೆಯೇ ಪ್ರಶ್ನೆ. ಬೀದರಿನ ಪೇಟೆಯಲ್ಲಿ ಒಂದು ತಾಸು ನಿಂತರೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣದ ಸರಕುಗಳು) ನಿಯಮಗಳು, ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು ಎನ್ನುತ್ತವೆ. ಬೇರೆ ಭಾಷೆಯಲ್ಲಿ ಹೆಚ್ಚುವರಿಯಾಗಿ ಅಚ್ಚು ಹಾಕಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಹೀಗಾಗಿ ನನ್ನ ಗಿರಾಕಿಗಳಲ್ಲಿ ಬಹಳಷ್ಟು ಜನರಿಗೆ ಆ ಪೊಟ್ಟಣದ ಮೇಲೆ ಅರ್ಥವಾಗುವಂತೆ ಉಳಿದಿರುವುದು ಬೆಲೆಯ ಅಂಕಿ ಮತ್ತು ಆ ಪ್ರಾಣಿ, ಇವೆರಡೇ.

ಅವರು ಆ ಪ್ರಾಣಿಯನ್ನು ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆಂಬುದನ್ನು ಕಂಪನಿಯವರು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಆಳಂದದ ಬಸ್ಸಿಗೆ ಬಂದು ಸಂತಿ ಮುಗಿಸಿಕೊಂಡು ಹೋಗುವ ಒಬ್ಬ ಅಜ್ಜಿ ಯಾವಾಗಲೂ ಮೊಲದ ಚಿತ್ರದ ಪುಡಿಯನ್ನೇ ಒಯ್ಯುತ್ತಾರೆ. ಒಂದು ದಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಮೊಲದ ಕಿವಿಯನ್ನು ಸವರಿ, ಗಲ್ಲೆಯ ಮೇಲೆ ವಾಪಸಿಟ್ಟರು. "ತಮ್ಮಾ, ಇದು ನಮ್ಮ ಮೊಲ ಅಲ್ಲ. ನಮ್ಮದು ನಿಂತಿರ್ತದ, ಇದು ಕುಂತದ. ಕಿವಿನೂ ಮಕ್ಕೊಂಡಾವ. ಇದು ನಂಗ ಬ್ಯಾಡ" ಎಂದರು. ಬಣ್ಣ ಅದೇ, ಅಕ್ಷರಗಳ ಆಕಾರ ಅದೇ, ಚೀಲದ ಅಳತೆಯೂ ಅದೇ. ಪುಡಿ ನಕಲಿಯೂ ಆಗಿರಲಿಲ್ಲ. ಕಂಪನಿಯೇ ಪೊಟ್ಟಣಕ್ಕೆ ಹೊಸ ರೂಪ ಕೊಟ್ಟಿತ್ತು. ಅದನ್ನು ನಾನು ವಿವರಿಸಿ ಹೇಳಿದೆ. ಅಜ್ಜಿ ನಂಬಲಿಲ್ಲ, ನಂಬದಿರುವುದಕ್ಕೆ ಅವರಿಗೆ ಕಾರಣವಿತ್ತು. ಇಂಥದ್ದೇ ಬಣ್ಣದ ಚೀಲದಲ್ಲಿ, ಮೊಲದ ಜಾಗದಲ್ಲಿ ಮೊಲದಂತೆಯೇ ಕಾಣುವ ಇನ್ನೇನನ್ನೋ ಅಚ್ಚು ಹಾಕಿದ ಪುಡಿ ವಾರದ ಸಂತೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅಸಲಿಯೇ ತನ್ನ ಮುಖ ಬದಲಿಸಿಕೊಂಡರೆ, ಅಸಲಿ ಯಾವುದು, ಬಣ್ಣ ಬಳಿದುಕೊಂಡ ಸೋಗು ಯಾವುದು ಎಂದು ತಿಳಿಯಲು ಆಕೆಯ ಬಳಿ ಉಳಿಯುವ ದಾರಿ ಯಾವುದು?

ಓದಲಾರದ ಗಿರಾಕಿ ಪ್ರಾಣಿಯ ಚಿತ್ರವನ್ನೇ ಹೆಸರೆಂದು ಓದುತ್ತಾನೆ ಎಂಬುದು ನಾನು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ನ್ಯಾಯಾಲಯಗಳು ಇದನ್ನು ಬಹಳ ಹಿಂದೆಯೇ ಒಪ್ಪಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಆರ್ ಯೂಯಿಂಗ್ ಎಂಬ ಕಂಪನಿ ಕೆಂಪು ಬಣ್ಣ ಹಾಕಿದ ನೂಲನ್ನು ಮುಂಬಯಿ ಮತ್ತು ಏಡನ್ ಬಂದರುಗಳಿಗೆ ಕಳಿಸುತ್ತಿತ್ತು. ನೂಲಿನ ಕಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ಎರಡು ಆನೆಗಳಿದ್ದವು, ಪೇಟೆಯಲ್ಲಿ ಆ ನೂಲಿಗೆ 'ಬೇ ಹಾಥಿ' ಎಂದೇ ಹೆಸರು. ಇನ್ನೊಂದು ಕಂಪನಿ ತನ್ನ ನೂಲಿಗೂ ಎರಡು ಆನೆಗಳ ಚೀಟಿ ಅಂಟಿಸಿದಾಗ ವ್ಯಾಜ್ಯ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. 1882ರಲ್ಲಿ ತೀರ್ಪು ಮೊದಲ ಕಂಪನಿಯ ಪರವಾಗಿ ಬಂತು. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬೇರೆ ಹೆಸರು ಇದ್ದರೇನಂತೆ, ಆ ಅಕ್ಷರ ಓದಲಾರದ ದೂರದ ಕೊಳ್ಳುಗ ಆನೆಗಳನ್ನು ನೋಡಿಯೇ ಮೋಸ ಹೋಗುತ್ತಾನೆ ಎಂಬುದು ಅಲ್ಲಿ ಮುಖ್ಯವಾಯಿತು. ನಮ್ಮದೇ ಸುಪ್ರೀಂ ಕೋರ್ಟು 1972ರಲ್ಲಿ ಪಾರ್ಲೆ ಕಂಪನಿಯ ಗ್ಲೂಕೋಸ್ ಬಿಸ್ಕತ್ತಿನ ಹೊದಿಕೆಯ ವ್ಯಾಜ್ಯವನ್ನು ತೀರ್ಮಾನಿಸಿತು. ಆ ಹೊದಿಕೆಯ ಮೇಲೆ ಹುಡುಗಿಯೊಬ್ಬಳ ಸುತ್ತ ಹಸುಗಳೂ ಕೋಳಿಗಳೂ ಇದ್ದವು. ಮೈಸೂರಿನ ತಯಾರಕರೊಬ್ಬರ ಹೊದಿಕೆಯಲ್ಲಿಯೂ ಹೆಣ್ಣುಮಗಳು, ಹಸು, ಕೋಳಿ ಇದ್ದವು. ಅವಳ ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು, ಹಸುಕೋಳಿಗಳೂ ಬೇರೆ ರೀತಿ ಇದ್ದವು. ಗಿರಾಕಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಹೋಲಿಸುವುದಿಲ್ಲ, ಒಟ್ಟು ನೋಟದ ನೆನಪನ್ನಷ್ಟೇ ಹೊತ್ತು ಅಂಗಡಿಗೆ ಬರುತ್ತಾನೆ ಎಂಬ ವಿಚಾರದ ಮೇಲೆ ಪಾರ್ಲೆಗೆ ಗೆಲುವಾಯಿತು.

ಈ ಎರಡೂ ತೀರ್ಪುಗಳು ಗಿರಾಕಿಯ ಕಣ್ಣನ್ನು ಮುಂದಿಟ್ಟುಕೊಂಡು ಕಂಪನಿಯ ಹಕ್ಕನ್ನು ಕಾಪಾಡಿದವು. ಅದು ತಪ್ಪಲ್ಲ. ಆದರೆ ಚಿತ್ರವೇ ಹೆಸರು ಎಂದು ಒಪ್ಪಿದ ಮೇಲೆ, ಆ ಹೆಸರನ್ನು ಕಂಪನಿ ತನಗೆ ಬೇಕೆಂದಾಗ ಬದಲಿಸಿ ಸುಮ್ಮನಿರಬಹುದೇ, ಆ ಹೆಸರಿನ ಬಾಯಿಂದ ಏನು ಬೇಕಾದರೂ ಹೇಳಿಸಬಹುದೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತೆ ನನಗೆ ಕಾಣುವುದಿಲ್ಲ.

ಒಗೆಯುವ ಸರಕಿಗೆ ಪ್ರಾಣಿಗಳನ್ನು ಕಟ್ಟುವ ರೂಢಿ ಲೋಕದ ತುಂಬ ಇದೆ. ಮೆಕ್ಸಿಕೋದಲ್ಲಿ ಫೋಕಾ ಎಂಬ ಪುಡಿಯ ಮೇಲೆ ಸೀಲ್ ಎಂಬ ಕಡಲ ಪ್ರಾಣಿ, ಶಾಂಘೈಯ ಹಳೆಯ ಡಿಟರ್ಜೆಂಟಿನ ಮೇಲೆ ಬಿಳಿ ಬೆಕ್ಕು, ಫ್ರಾನ್ಸಿನ ಲ ಶಾ ಸಾಬೂನಿನ ಮೇಲೂ ಬೆಕ್ಕೇ. ಅದೇ ಫ್ರಾನ್ಸಿನಲ್ಲಿ 1990ರ ದಶಕದಲ್ಲಿ ಓಮೋ ಪುಡಿಯ ಟಿವಿ ಜಾಹೀರಾತುಗಳಲ್ಲಿ ಬಟ್ಟೆ ತೊಟ್ಟ ಚಿಂಪಾಂಜಿಗಳು ಯಾರಿಗೂ ತಿಳಿಯದ ಕಟ್ಟುಭಾಷೆಯಲ್ಲಿ ಹರಟುತ್ತಿದ್ದವು. ನಮ್ಮ ನಾಡಿನಲ್ಲಿ ಬಿಳಿ ಅಂಗಿಗೆ ನೀಲಿ ಹಾಕುವವರೆಲ್ಲರಿಗೂ ರಾಬಿನ್ ನೀಲಿಯ ಹಕ್ಕಿ ಗೊತ್ತು. ಇವೆಲ್ಲದರಲ್ಲಿ ನನಗೆ ಮೆಚ್ಚುಗೆಯಾದದ್ದು ಮಾತ್ರ ಇಂಗ್ಲೆಂಡಿನ ಮಂಕಿ ಬ್ರ್ಯಾಂಡ್ ಸಾಬೂನಿನ ಕೋತಿ. 1899ರಲ್ಲಿ ಲಿವರ್ ಬ್ರದರ್ಸ್ ಕೊಂಡುಕೊಂಡ ಆ ಸಾಬೂನು ಪಾತ್ರೆ, ನೆಲ, ಲೋಹಗಳನ್ನು ಉಜ್ಜುವುದಕ್ಕೆ ಇತ್ತು. ಜಾಹೀರಾತಿನಲ್ಲಿ ಕೋತಿಯ ಜೊತೆಗೇ 'ಇದು ಬಟ್ಟೆ ಒಗೆಯುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತಿತ್ತು. ತಾನು ಏನು ಮಾಡಲಾರೆ ಎಂಬುದನ್ನು ಹೇಳುವ ಪ್ರಾಣಿಯನ್ನು ನಾನು ಆಮೇಲೆ ಯಾವ ಪೊಟ್ಟಣದ ಮೇಲೂ ನೋಡಿಲ್ಲ.

ಇಂದಿನ ಪ್ರಾಣಿಗಳು ಹೇಳುವುದೆಲ್ಲ ಬಿಳುಪಿನ ಮಾತು. ಹಂಸ, ಮೊಲ, ಪಾರಿವಾಳ ಇವುಗಳನ್ನು ಆರಿಸುವುದೇ ಅವುಗಳ ಬಣ್ಣಕ್ಕಾಗಿ. ನಮ್ಮ ನೀರಿನಲ್ಲಿ ಆ ಮಾತು ಎಷ್ಟು ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಲಿನ ನೆಲವೆಲ್ಲ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದು ಕುಳಿತದ್ದು ಅದಕ್ಕಾಗಿಯೇ, ನಮ್ಮ ಮನೆಯಂಗಳದ ಫರಸಿ ಬಂದದ್ದೂ ಅಲ್ಲಿಂದಲೇ. ಆ ನೆಲದೊಳಗಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚು, ಗಡಸು ನೀರು ಎನ್ನುವುದು ಇದನ್ನೇ. ಹಳೆಯ ಬಗೆಯ ಸಾಬೂನು ಈ ನೀರಿನಲ್ಲಿ ನೊರೆ ಬಿಡುವ ಮೊದಲು ಮೊಸರಿನಂತೆ ಒಡೆದು ಬಟ್ಟೆಗೆ ಅಂಟಿಕೊಳ್ಳುತ್ತದೆ. ಡಿಟರ್ಜೆಂಟ್ ಪುಡಿ ಅದಕ್ಕಿಂತ ಮೇಲು, ಆದರೆ ಅದರಲ್ಲಿರುವ ಒಗೆಯುವ ಸೋಡಾದ ಒಂದು ಪಾಲು ಸುಣ್ಣದ ಅಂಶದೊಂದಿಗೆ ಹೋರಾಡುವುದರಲ್ಲೇ ಮುಗಿಯುತ್ತದೆ, ಹಾಗೆ ಉಂಟಾದ ಗಸಿ ಎಳೆಗಳ ನಡುವೆ ಕೂತು ಅಂಗಿ ಬಿರುಸಾಗುತ್ತದೆ, ಮಂಕಾಗುತ್ತದೆ. ಪುಡಿಯಲ್ಲಿ ಬೆರೆಸುವ ಹೊಳಪುಕಾರಕಗಳು ಕೊಳೆಯನ್ನು ತೆಗೆಯುವುದಿಲ್ಲ. ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುತ್ತವೆ, ಅದರಿಂದ ಬಟ್ಟೆಯ ಹಳದಿ ಕಣ್ಣಿಗೆ ಮರೆಯಾಗುತ್ತದೆ. ಹಂಸದ ಬಿಳುಪಿನ ಗುಟ್ಟು ಬಹುಪಾಲು ಇಷ್ಟೇ.

ಇದರಲ್ಲಿ ಮೋಸವಿದೆಯೆಂದು ನಾನು ಹೇಳುತ್ತಿಲ್ಲ. ಗಡಸು ನೀರಿಗೆ ಎಷ್ಟು ಪುಡಿ, ಮೆದು ನೀರಿಗೆ ಎಷ್ಟು ಎಂಬ ಲೆಕ್ಕ ಪೊಟ್ಟಣದ ಹಿಂದೆ ಇದ್ದರೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ, ಸಣ್ಣ ಪೊಟ್ಟಣಗಳಲ್ಲಿ ಎಷ್ಟೋ ಸಲ ಅದೂ ಇರುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ನೊರೆ ಬರಲಿಲ್ಲವೆಂದು ಹೆಂಗಸರು ಹಿಡಿಗಟ್ಟಲೆ ಪುಡಿ ಸುರಿಯುತ್ತಾರೆ, ಆಮೇಲೆ ಅದನ್ನು ತೊಳೆಯಲು ನೀರಿಲ್ಲದೆ ಬಟ್ಟೆ ಹಾಗೇ ಹಿಂಡಿ ಒಣಹಾಕುತ್ತಾರೆ, ಕೈಬೆರಳ ಸಂದಿಗಳು ಬಿರಿಯುತ್ತವೆ. ಪೊಟ್ಟಣದ ಮುಂಭಾಗದ ಅರ್ಧದಷ್ಟು ಜಾಗವನ್ನು ಹಿಡಿದುಕೊಂಡು ಸುಮ್ಮನೆ ನಗುತ್ತ ನಿಂತ ಆ ಮೊಲದ ಕೈಗೆ ಒಂದು ಅಳತೆಯ ಚಮಚ ಕೊಟ್ಟರೆ ಏನು ಖರ್ಚು? ಒಂದು ಬಕೆಟ್ಟು, ಅದರ ಪಕ್ಕದಲ್ಲಿ ಎರಡು ಚಮಚ. ನೊರೆ ಒಡೆಯುವ ನೀರಿನ ಬಕೆಟ್ಟು, ಅದರ ಪಕ್ಕದಲ್ಲಿ ಮೂರು ಚಮಚ. ಎಷ್ಟು ಚಮಚವೆಂಬುದನ್ನು ನಿಮ್ಮ ರಸಾಯನಶಾಸ್ತ್ರಜ್ಞರು ನಿರ್ಧರಿಸಲಿ. ಇದನ್ನು ಓದುವುದಕ್ಕೆ ಯಾವ ಲಿಪಿಯೂ ಬೇಕಿಲ್ಲ.

ಇದಕ್ಕಿಂತ ಗಂಭೀರವಾದದ್ದು ಮಕ್ಕಳ ವಿಷಯ. ಮೆದುವಾದ ಆಟಿಕೆ ಕರಡಿಯನ್ನು ಬಟ್ಟೆ ಮೃದುಗೊಳಿಸುವ ದ್ರಾವಣಕ್ಕೆ ಗುರುತಾಗಿಸಿ ಗೆದ್ದವರಲ್ಲಿ ಅಮೆರಿಕದ ಸ್ನಗಲ್ ಪ್ರಸಿದ್ಧ. ಯುರೋಪಿನ ಹಲವು ದೇಶಗಳಲ್ಲಿ ಅಂಥದ್ದೇ ಕರಡಿ ಬೇರೆ ಬೇರೆ ಹೆಸರಿನ ಬಾಟಲಿಗಳ ಮೇಲೆ ಕೂತಿದೆ. ದೊಡ್ಡವರಿಗೆ ಆ ಕರಡಿ ಮೆದುತನವನ್ನು ಹೇಳುತ್ತದೆ ಎಂದು ಕಂಪನಿಗಳು ವಾದಿಸಬಹುದು. ಮೂರು ವರ್ಷದ ಮಗುವಿಗೆ ಅದು ಬೇರೆ ಏನನ್ನೋ ಹೇಳುತ್ತದೆ. ಯುರೋಪಿಯನ್ ಒಕ್ಕೂಟದ 2008ರ ರಾಸಾಯನಿಕ ಲೇಬಲ್ ಕಾನೂನಿನ 35ನೆಯ ವಿಧಿಯು, ಅಪಾಯಕಾರಿ ಮಿಶ್ರಣಗಳನ್ನು ಸಾರ್ವಜನಿಕರಿಗೆ ಮಾರುವಾಗ ಅವುಗಳ ಪೊಟ್ಟಣದ ಆಕಾರವಾಗಲಿ ವಿನ್ಯಾಸವಾಗಲಿ ಮಕ್ಕಳ ಕುತೂಹಲವನ್ನು ಕೆರಳಿಸುವಂತೆ ಇರಬಾರದು ಎಂದು ಹೇಳಿದೆ. ಪಾರದರ್ಶಕ ಪೊರೆಯ ದ್ರವ ಡಿಟರ್ಜೆಂಟ್ ಗುಳಿಗೆಗಳನ್ನು ಮಕ್ಕಳು ಮಿಠಾಯಿಯೆಂದು ಬಾಯಿಗಿಟ್ಟುಕೊಂಡ ಪ್ರಕರಣಗಳು ಹೆಚ್ಚಿದ ಮೇಲೆ, 2014ರಲ್ಲಿ ಅದೇ ಕಾನೂನಿಗೆ ತಿದ್ದುಪಡಿ ತಂದು, ಗುಳಿಗೆಗಳ ಹೊರಡಬ್ಬಿ ಒಳಗಿನದು ಕಾಣದಂತೆ ಇರಬೇಕು, ಪೊರೆಗೆ ಬಾಯಿಗೆ ಸೇರದ ಕಹಿ ಬೆರೆಸಬೇಕು ಎಂದು ಕಡ್ಡಾಯ ಮಾಡಲಾಯಿತು.

ನಮ್ಮಲ್ಲಿ ಗುಳಿಗೆಗಳು ದೊಡ್ಡ ನಗರಗಳ ಮಾಲ್‌ಗಳಲ್ಲಿ ಕಂಡರೂ ನನ್ನ ಅಂಗಡಿಗೆ ಇನ್ನೂ ಬಂದಿಲ್ಲ. ನನ್ನಲ್ಲಿರುವುದು ಐದು, ಹತ್ತು ರೂಪಾಯಿಯ ಪುಡಿ ಪೊಟ್ಟಣಗಳು. ಅವು ಸರವಾಗಿ ಬರುತ್ತವೆ, ಸರವಾಗಿಯೇ ತೂಗುತ್ತವೆ. ಸಣ್ಣ ಅಂಗಡಿಗಳಲ್ಲಿ ಬಾಗಿಲ ಮೇಲಿನ ತಂತಿ ಒಂದೇ: ಆ ತಂತಿಗೆ ಚಿಪ್ಸು, ಪಕ್ಕದಲ್ಲಿ ಶಾಂಪೂ, ಅದರ ಪಕ್ಕದಲ್ಲಿ ನಗುವ ಪ್ರಾಣಿಯ ಪುಡಿ, ಅದಕ್ಕೆ ಹೊಂದಿಕೊಂಡು ಚಾಕೊಲೇಟು. ಬಿಸ್ಕತ್ತಿನ ಮೇಲಿನ ಕರಡಿಯೂ ಸಾಬೂನು ಪುಡಿಯ ಮೇಲಿನ ಕರಡಿಯೂ ಒಂದೇ ಕೈ ಬರೆದಂತೆ ಇರುತ್ತವೆ. ನಾನು ಸಾಬೂನಿನ ಸರವನ್ನು ಒಳಗಿನ ಗೋಡೆಗೆ ಹಾಕಿಕೊಂಡಿದ್ದೇನೆ, ಆದರೆ ಪೊಟ್ಟಣ ಮನೆ ಸೇರಿದ ಮೇಲೆ ಅದು ಒಲೆಯ ಪಕ್ಕದ ಗೂಡಿನಲ್ಲೋ ಬಚ್ಚಲ ಕಟ್ಟೆಯ ಮೇಲೋ ಮಗುವಿನ ಕೈಗೆ ಎಟುಕುವಲ್ಲೇ ಇರುತ್ತದೆ. ಸೋಡಾ ಬೆರೆತ ಈ ಪುಡಿಗಳು ಕ್ಷಾರೀಯವಾದವು, ಕಣ್ಣಿಗೆ ಬಿದ್ದರೆ ಉರಿಸುತ್ತವೆ, ನುಂಗಿದರೆ ಬಾಯಿ ಗಂಟಲನ್ನು ಸುಡುತ್ತವೆ. ಹೀಗಾದಾಗ ನಮ್ಮ ಕಡೆ ಮೊದಲು ಮಾಡುವ ಕೆಲಸವೆಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಅದನ್ನು ಮಾಡಬಾರದು, ಒಳಗೆ ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಮತ್ತೆ ಸುಡುತ್ತದೆ, ನೊರೆ ಶ್ವಾಸನಾಳಕ್ಕೂ ಹೋಗಬಹುದು. ಬಾಯಿ ತೊಳೆಸಿ, ಕಣ್ಣಿಗೆ ಬಿದ್ದಿದ್ದರೆ ಕಾಲು ತಾಸು ಹರಿಯುವ ನೀರು ಹಾಕಿ, ದವಾಖಾನೆಗೆ ಒಯ್ಯಬೇಕು. ಈ ಮಾತು ಕನ್ನಡದಲ್ಲಿ ಅಚ್ಚಾದ ಪೊಟ್ಟಣ ನನ್ನ ಅಂಗಡಿಯಲ್ಲಿ ಒಂದೂ ಇಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ತಪ್ಪುದಾರಿಗೆಳೆಯುವ ಜಾಹೀರಾತು ತಡೆ ಮಾರ್ಗಸೂಚಿಗಳಲ್ಲಿ ಮಕ್ಕಳ ಅನುಭವದ ಕೊರತೆಯನ್ನು, ಅವರ ಮುಗ್ಧ ನಂಬಿಕೆಯನ್ನು ಬಳಸಿಕೊಳ್ಳಬಾರದು ಎಂಬ ಮಾತಿದೆ. ಅದು ಮಕ್ಕಳನ್ನು ಉದ್ದೇಶಿಸಿದ ಜಾಹೀರಾತುಗಳ ಕುರಿತದ್ದು, ನಮ್ಮ ಸರಕು ಮಕ್ಕಳಿಗಲ್ಲ ಎಂದು ಕಂಪನಿಗಳು ಕೈತೊಳೆದುಕೊಳ್ಳಬಹುದು. ಆದ್ದರಿಂದಲೇ ಪೊಟ್ಟಣದ ನಿಯಮಗಳಲ್ಲಿ ಈ ಮಾತನ್ನು ನೇರವಾಗಿ ಸೇರಿಸಬೇಕೆಂದು ಇಲಾಖೆಯನ್ನು ಕೇಳುತ್ತಿದ್ದೇನೆ.

ಜಾಹೀರಾತಿಗೆ ನಿಜವಾದ ಪ್ರಾಣಿಗಳನ್ನು ಬಳಸುವುದರ ಬಗ್ಗೆ ಹೆಚ್ಚು ಹೇಳುವ ಅಗತ್ಯ ನನಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು ಅದಕ್ಕೆ ಇವೆ. ಅಚ್ಚಿನ ಮೊಲಕ್ಕೆ ಮಾತ್ರ ಯಾವ ನೋಂದಣಿಯೂ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಪ್ರಾಣಿಗಳನ್ನು ಪೊಟ್ಟಣದಿಂದ ಓಡಿಸಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಆಳಂದದ ಅಜ್ಜಿಗೆ ಉಳಿದ ಒಂದೇ ಹೆಸರನ್ನೂ ಕಸಿದಂತಾಗುತ್ತದೆ. ಸಿಗರೇಟಿನ ಪೆಟ್ಟಿಗೆಯ ಮೇಲೆ ಎಚ್ಚರಿಕೆಯ ಚಿತ್ರ ಶೇ. 85ರಷ್ಟು ಜಾಗ ಹಿಡಿಯಬೇಕೆಂದು ಕಡ್ಡಾಯ ಮಾಡಿದ ಸರ್ಕಾರಕ್ಕೆ, ಚಿತ್ರದ ಬಲವೇನೆಂದು ಹೇಳಿಕೊಡಬೇಕಾಗಿಲ್ಲ. ಡಿಟರ್ಜೆಂಟಿಗೆ ಅಷ್ಟು ಕಠಿಣ ಕ್ರಮ ಬೇಕಿಲ್ಲ. ಪ್ರಾಣಿಯ ಚಿತ್ರ ಇರುವ ಕಡೆಯಲ್ಲೇ, ಪೊಟ್ಟಣದ ಮುಂಭಾಗದಲ್ಲಿಯೇ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬ ಚಿತ್ರಸೂಚನೆ ಬರಲಿ, ಅದರ ಕೆಳಗೆ ಸರಕು ಮಾರಾಟವಾಗುವ ರಾಜ್ಯದ ಭಾಷೆಯಲ್ಲಿ ಎರಡು ಸಾಲು ಇರಲಿ. ಪ್ರಾಣಿಯ ರೂಪವನ್ನು ಬದಲಿಸುವ ಕಂಪನಿ ಕೆಲವು ತಿಂಗಳ ಕಾಲ ಹಳೆಯ ಚಿತ್ರವನ್ನು ಹೊಸದರ ಪಕ್ಕದಲ್ಲಿ ಸಣ್ಣದಾಗಿಯಾದರೂ ಅಚ್ಚು ಹಾಕಲಿ, ನಿಂತ ಮೊಲವೇ ಕುಳಿತಿದೆ ಎಂಬುದು ನೋಡಿದವರಿಗೆ ತಿಳಿಯಲಿ. ತಿನಿಸಿನ ಪೊಟ್ಟಣಗಳ ಮೇಲೆ ಕಾಣುವ ಬಗೆಯ ಮುದ್ದುಮರಿಗಳನ್ನು ಕ್ಷಾರದ ಪೊಟ್ಟಣಗಳಿಂದ ದೂರ ಇಡಲಿ. ನವಿಲು ಇರಲಿ, ಹಂಸ ಇರಲಿ, ಚಾಕೊಲೇಟು ಕೊಡಲು ಬಂದವನಂತೆ ಕೈಚಾಚಿದ ಕರಡಿಮರಿ ಬೇಡ.

ಸಣ್ಣ ಪೊಟ್ಟಣದಲ್ಲಿ ಜಾಗವಿಲ್ಲ ಎಂಬ ಉತ್ತರ ಬರುತ್ತದೆಂದು ನನಗೆ ಗೊತ್ತು. ಹತ್ತು ರೂಪಾಯಿಯ ಒಂದು ಪೊಟ್ಟಣವನ್ನು ಈಗ ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅದರ ಮೇಲೆ ನಿಂಬೆಹಣ್ಣಿನ ಹೋಳಿಗೆ ಜಾಗವಿದೆ, ಮೂರು ನಕ್ಷತ್ರಗಳಿಗೆ ಜಾಗವಿದೆ, 'ಹೊಸದು' ಎಂಬ ಮಾತು ಎರಡು ಕಡೆ ಇದೆ, ಪ್ರಾಣಿಯ ಬಾಲದ ಹಿಂದೆ ಬರೀ ಬಣ್ಣ ತುಂಬಿದ ಖಾಲಿ ಜಾಗವೂ ಇದೆ. ಅಚ್ಚಿನ ಸಿಲಿಂಡರ್ ಬದಲಿಸುವ ಖರ್ಚಿನ ಮಾತೂ ಬರಬಹುದು; ಹಬ್ಬಕ್ಕೊಂದು ಕೊಡುಗೆಯ ಪೊಟ್ಟಣ ಹೊರಡಿಸುವಾಗ ಆ ಖರ್ಚು ಅಡ್ಡ ಬಂದದ್ದನ್ನು ನಾನು ನೋಡಿಲ್ಲ.

ಪೊಟ್ಟಣದ ನಿಯಮಗಳಿಗೆ ತಿದ್ದುಪಡಿ ತರುವ ಮುನ್ನ ಇಲಾಖೆಯು ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಆ ಕರಡು ಕನ್ನಡದಲ್ಲಿಯೂ ಬರಲಿ, ಅದಕ್ಕೆ ಜೋಡಿಸುವ ಮಾದರಿ ಚಿತ್ರಗಳನ್ನು ದೆಹಲಿ, ಮುಂಬಯಿಯ ಕಚೇರಿಗಳಲ್ಲಿ ಮಾತ್ರವಲ್ಲದೆ ಯಾದಗಿರಿ, ಶಹಾಪುರ, ಸುರಪುರದ ಸಂತೆಗಳಲ್ಲಿ, ಬಟ್ಟೆ ಒಗೆಯುವ ಹೆಂಗಸರ ಕೈಯಲ್ಲಿ ಕೊಟ್ಟು, ಇದರಿಂದ ನಿಮಗೆ ಏನು ತಿಳಿಯಿತು ಎಂದು ಕೇಳಿ ನೋಡಿ. ನನ್ನ ಅಂಗಡಿಯ ಗಲ್ಲೆಯ ಮೇಲೂ ಒಂದು ವಾರ ಇಡಬಹುದು. ಬಂದವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಕಿರಾಣಿ ವ್ಯಾಪಾರಿ